ಇನ್ನೂರ ಹದಿನಾಲ್ಕು ಸೀಲು ಒಡೆದವರು

ತಿಂಗಳುಗಟ್ಟಲೆ ಸಮುದ್ರದ ಮೇಲೆ ಕಾವಲಿರುವ ನಾವಿಕರಿಗೆ ವರ್ಷಾಂತ್ಯದ ರಜೆಯ ಹೊತ್ತಿಗೆ ಮನೆಯ ಪೆಟ್ಟಿಗೆ ತಲುಪಿಸುವುದು ಒಂದು ಕೆಲಸವೆಂದು ನಮ್ಮ ಇಲಾಖೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಅದೊಂದು ವಿದ್ಯೆಯೆಂದು ತೋರಿಸಿಕೊಟ್ಟವರು ಒಬ್ಬರೇ. ಮೂವತ್ತನಾಲ್ಕು ವರ್ಷ ನಾವಿಕರ ಪೆಟ್ಟಿಗೆ ವಿಭಾಗದಲ್ಲಿ ದುಡಿದು ಈ ವರ್ಷ ನಿವೃತ್ತರಾದ ನಮ್ಮ ಮೇಲ್ವಿಚಾರಕಿಯವರನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ದಾರದಮ್ಮ ಎಂದೂ ಕರೆಯುತ್ತಿದ್ದೆವು. ಅವರ ಮೇಲಂಗಿಯ ಜೇಬಿನಲ್ಲಿ ಸದಾ ಒಂದು ದಾರದ ಉಂಡೆ ಇರುತ್ತಿತ್ತು, ಆ ಅಡ್ಡಹೆಸರೂ ಅವರಿಗೆ ಗೊತ್ತಿತ್ತು. ಅವರಿಗೆ ಅರ್ಪಿಸುತ್ತಿರುವ ಈ ಅಭಿನಂದನಾ ಗ್ರಂಥದಲ್ಲಿ ಅವರನ್ನು ಹೊಗಳುವವರು ಬಹಳ ಜನ ಇದ್ದಾರೆ, ಹೊಗಳಲಿ. ನಾನು ಬರೆಯಲು ಒಪ್ಪಿಕೊಂಡದ್ದು ಒಂದು ತಪ್ಪೊಪ್ಪಿಗೆಗಾಗಿ.

ನಾನು ದಾಖಲೆ ವಿಭಾಗದಿಂದ ವರ್ಗವಾಗಿ ಅವರ ಕೈಕೆಳಗೆ ಬಂದದ್ದು ಹದಿನಾರು ವರ್ಷದ ಹಿಂದೆ. ಗೋದಾಮಿನ ಪಕ್ಕದ ಉದ್ದನೆಯ ಕೋಣೆ, ಒಂದು ಕಡೆ ಜನ ಸಾಲು ನಿಲ್ಲುವ ಕಟಕಟೆ, ನಡುವೆ ಮೂರು ಮೇಜು, ಗೋಡೆಯುದ್ದಕ್ಕೂ ಹಡಗಿಗೊಂದರಂತೆ ಕಟ್ಟೆ. ನಾವಿಕರ ಮನೆಯವರು ತಂದುಕೊಟ್ಟ ಪೆಟ್ಟಿಗೆಗಳನ್ನು ತಪಾಸಣೆ ಮಾಡಿ, ಸೀಲು ಹಾಕಿ, ಸರಬರಾಜು ದೋಣಿಗೆ ಏರಿಸುವುದು ನಮ್ಮ ಹೊಣೆ. ಪ್ರತಿ ಹಡಗಿನಲ್ಲೂ ಕೆಲವರಿಗೆ ಪೆಟ್ಟಿಗೆ ಕಳಿಸುವವರು ಯಾರೂ ಇರುವುದಿಲ್ಲ. ಅಂಥವರಿಗೆ ವಿಭಾಗವೇ ಒಂದನ್ನು ಕಟ್ಟಿ ಕಳಿಸಬೇಕೆಂದು ನಿಯಮವಿದೆ. ಮೇಡಂ ಅವರ ವಿದ್ಯೆಯೆಲ್ಲ ಇದ್ದದ್ದು ಈ ಎರಡನೆಯ ಬಗೆಯ ಪೆಟ್ಟಿಗೆಯಲ್ಲಿ.

ಸರಕಾರಿ ಪೆಟ್ಟಿಗೆಗಳು ಒಂದೇ ಅಳತೆಯವು, ಒಂದೇ ಬಣ್ಣದವು. ಮೇಡಂ ಅವನ್ನು ಬೀರುವಿನ ಮೇಲೆ ಧೂಳು ತಿನ್ನಲು ಬಿಟ್ಟು, ಪಾದರಕ್ಷೆಯ ಡಬ್ಬಿ, ದೀಪದ ಡಬ್ಬಿ, ಆಟಿಕೆಯ ಡಬ್ಬಿಗಳನ್ನು ವರ್ಷವಿಡೀ ಕೂಡಿಡುತ್ತಿದ್ದರು. ಒಂದರಂತೆ ಇನ್ನೊಂದು ಇರಕೂಡದು. ವಿಳಾಸ ಬರೆಯುವ ಕೈಯೂ ಬೇರೆಯಾಗಬೇಕು. ನಮ್ಮ ಕಾವಲುಗಾರರ ಕೋಳಿಕಾಲಿನ ಅಕ್ಷರಕ್ಕೆ ಆ ತಿಂಗಳು ಎಲ್ಲಿಲ್ಲದ ಬೇಡಿಕೆ. ಸಾಬೂನು, ಕಾಲುಚೀಲ, ಬಿಸ್ಕತ್ತುಗಳನ್ನು ನಾನು ಬಹಳ ಅಚ್ಚುಕಟ್ಟಾಗಿ ಜೋಡಿಸಿಟ್ಟ ಮೊದಲ ಪೆಟ್ಟಿಗೆಯನ್ನು ನೋಡಿ ಅವರು ತಲೆ ಅಲ್ಲಾಡಿಸಿದರು.

“ಇದು ಅಂಗಡಿಯಿಂದ ಬಂದ ಹಾಗಿದೆಯಪ್ಪಾ. ಮನೆಯಿಂದ ಬಂದದ್ದರಲ್ಲಿ ಬೇಡದ್ದು ಒಂದಾದ್ರೂ ಇರ್ಬೇಕು.”

“ಬೇಡದ್ದು ಅಂದ್ರೆ ಏನು ಮೇಡಂ?”

“ನಿಮ್ಮಮ್ಮ ನಿನಗೆ ಏನು ಕಳಿಸ್ತಿದ್ರು?”

ನಾನು ಯೋಚಿಸಿ ನೋಡಿದೆ. ಸುಡುಬಿಸಿಲಿನ ಊರಿನಲ್ಲಿ ಓದುತ್ತಿದ್ದಾಗ ಅಮ್ಮ ನನಗೆ ಮೂರು ವರ್ಷ ಉಣ್ಣೆಯ ಟೋಪಿ ಕಳಿಸಿದ್ದರು. ಹಾಗೆಂದು ಹೇಳಿದ್ದಕ್ಕೆ ಮೇಡಂ ಕಪಾಟು ತೆರೆದು, ಭೂಮಧ್ಯರೇಖೆಯ ಕಡೆಗೆ ಹೊರಟಿದ್ದ ಆ ಪೆಟ್ಟಿಗೆಗೆ ಒಂದು ಕುತ್ತಿಗೆವಸ್ತ್ರ ತುರುಕಿ ದಾರ ಬಿಗಿದರು.

ಮನೆಯಿಂದ ಪೆಟ್ಟಿಗೆ ಬಾರದ ಈ ನಾವಿಕರ ಪೈಕಿ ಒಬ್ಬರ ವಿಷಯವನ್ನು ಇಲ್ಲಿ ಹೇಳಬೇಕು. ಆತ ಹಡಗೊಂದರ ಅಡುಗೆಯವರು, ಅನಾಥಾಲಯದಲ್ಲಿ ಬೆಳೆದವರು. ನಾನು ಬರುವುದಕ್ಕೆ ಮೂರು ವರ್ಷ ಮೊದಲು ವಿಭಾಗಕ್ಕೆ ಅವರದೊಂದು ಪತ್ರ ಬಂದಿತ್ತಂತೆ. ಪೆಟ್ಟಿಗೆ ಬಿಚ್ಚಿದಾಗ ಜೊತೆಯವರು ಯಾರು ಕಳಿಸಿದ್ದೆಂದು ಕೇಳಿದರು, ಅಕ್ಕ ಎಂದು ಬಾಯಿಗೆ ಬಂದುಬಿಟ್ಟಿತು, ಸುಳ್ಳು ಹೇಳಿದ್ದಕ್ಕೆ ಕ್ಷಮಿಸಬೇಕು, ಇಷ್ಟು ಅದರ ಸಾರಾಂಶ. ಮೇಡಂ ಉತ್ತರ ಬರೆಯಲಿಲ್ಲ. ಮರುವರ್ಷದ ಪೆಟ್ಟಿಗೆಯ ಮೇಲೆ ‘ತಮ್ಮನಿಗೆ’ ಎಂದು ಬರೆದು, ಒಳಗೊಂದು ಪತ್ರವಿಟ್ಟರು. ‘ಮೀಸೆ ಬಿಟ್ಟಿದ್ದೀಯಂತೆ, ಯಾರನ್ನು ಕೇಳಿ ಬಿಟ್ಟೆ? ಮೊದಲು ಬೋಳಿಸು’ ಎಂದು ಅದರ ಆರಂಭ.

ಅಲ್ಲಿಂದ ಆ ಅಕ್ಕ ಬೆಳೆಯತೊಡಗಿದರು. ರಜೆಯ ದಿನ ಊಟದ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಪೆಟ್ಟಿಗೆ ಬಿಚ್ಚುವಾಗ, ಅಡುಗೆಯವರ ಅಕ್ಕ ಈ ಸಲ ಏನೆಂದು ಬೈದಿದ್ದಾರೆಂದು ಕೇಳಲು ಇಡೀ ಹಡಗೇ ಅವರ ಸುತ್ತ ಸೇರುತ್ತಿತ್ತಂತೆ. ಆತ ಅಲ್ಲಿ ಹೇಳಿದ ಕಥೆಗಳನ್ನೆಲ್ಲ ತಪ್ಪದೆ ನಮಗೆ ವರದಿ ಮಾಡುತ್ತಿದ್ದರು. ‘ನಿಮಗೆ ಮಂಡಿನೋವು ಎಂದು ಹೇಳಿಬಿಟ್ಟಿದ್ದೇನೆ, ಮನ್ನಿಸಿ’ ಎಂದು ಬರೆದಾಗ, “ನೋಡಿ, ಇಲ್ಲದ ಕಾಯಿಲೆ ತಂದಿಟ್ಟ” ಎಂದು ಗೊಣಗುತ್ತಲೇ ಮೇಡಂ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ಕಂಡವರಲ್ಲ. ಆ ಹಡಗು ನಮ್ಮ ಬಂದರಿಗೆ ಬರುವುದೇ ಇಲ್ಲ.

ಈಗ ನನ್ನ ತಪ್ಪಿನ ಮಾತು. ದಾಖಲೆ ವಿಭಾಗದಲ್ಲಿ ಪಳಗಿದವನು ನಾನು, ಸುತ್ತೋಲೆ ಕಂಡರೆ ಕೈ ಸುಮ್ಮನಿರದು. ಬಂದ ಮೊದಲ ವರ್ಷವೇ ಹಳೆಯ ಕಡತದಲ್ಲಿ ಒಂದು ಆದೇಶ ಸಿಕ್ಕಿತು: ವಿಭಾಗವು ಕಳಿಸುವ ಪ್ರತಿ ಪೆಟ್ಟಿಗೆಯಲ್ಲೂ ‘ಇಲಾಖೆಯ ಶುಭಾಶಯಗಳು’ ಎಂದು ಅಚ್ಚಾದ ಚೀಟಿ ಇರತಕ್ಕದ್ದು. ಚೀಟಿಗಳು ಕಂತೆಗಟ್ಟಲೆ ಬಿದ್ದಿದ್ದವು. ಅವುಗಳ ಹಿಂಬದಿಯಲ್ಲಿ ಮೇಡಂ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ಅವರು ರಜೆಯಲ್ಲಿದ್ದ ಒಂದು ದಿನ ಅಡುಗೆಯವರ ಹಡಗಿನ ಹನ್ನೊಂದು ಪೆಟ್ಟಿಗೆಗಳು ಕಟ್ಟಿ ಸಿದ್ಧವಾಗಿದ್ದವು. ವಿಭಾಗದ ಪೆಟ್ಟಿಗೆಗಳು ಮೊದಲ ದೋಣಿಯಲ್ಲಿ ಹೋಗುತ್ತವೆ, ಮನೆಯವರವು ಎರಡನೆಯದರಲ್ಲಿ. ನಾನು ಹನ್ನೊಂದನ್ನೂ ಬಿಚ್ಚಿ, ಎಲ್ಲದರ ಮೇಲುಗಡೆಯೇ ಕಾಣುವಂತೆ ಚೀಟಿ ಇಟ್ಟು, ದೋಣಿ ಹತ್ತಿಸಿ, ಮೇಡಂ ಬಂದಾಗ ಬೆನ್ನು ತಟ್ಟಿಸಿಕೊಳ್ಳಲು ಕಾದು ಕುಳಿತೆ.

ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಎಲ್ಲರೆದುರಿಗೆ ಬಿಚ್ತಾನಪ್ಪಾ ಅವನು,” ಎಂದಷ್ಟೇ ಹೇಳಿದರು.

ಆಗ ನನಗೆ ಅರ್ಥವಾಯಿತು. ಅಕ್ಕನ ಬೈಗುಳ ಕೇಳಲು ಬಾಯಿ ಬಿಟ್ಟುಕೊಂಡು ನಿಂತವರ ಕಣ್ಣಿಗೆ ಮೊದಲು ಬೀಳುವುದು ಇಲಾಖೆಯ ಚೀಟಿ. ಅದೇ ಹಡಗಿನವರಿಗೆ ಮನೆಯಿಂದ ಬಂದ ಇನ್ನೂರ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಇಲ್ಲದ್ದು ಆ ಹನ್ನೊಂದರಲ್ಲಿ ಮಾತ್ರ ಇದ್ದರೆ, ಅದರ ಅರ್ಥವೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಡಗಿಗೆ ಸಂದೇಶ ಕಳಿಸಿ ಚೀಟಿ ತೆಗೆಸೋಣವೇ ಎಂದು ಕೇಳಿದೆ.

“ಸಂದೇಶ ನಾಲ್ಕು ಕೈ ದಾಟಿ ಹೋಗುತ್ತೆ. ಅಡುಗೆಯವನಿಗೆ ಅಕ್ಕ ಇಲ್ಲ ಅಂತ ನಾವೇ ಡಂಗುರ ಹೊಡೆದ ಹಾಗಾಗುತ್ತೆ.” ಕನ್ನಡಕವನ್ನು ಮತ್ತೆ ಏರಿಸಿಕೊಂಡು ಕೇಳಿದರು: “ಚೀಟಿ ಇನ್ನೆಷ್ಟಿವೆ?”

ಎರಡನೆಯ ದೋಣಿ ಹೊರಡಲು ಮೂರು ದಿನ ಉಳಿದಿತ್ತು. ಇನ್ನೂರ ಹದಿನಾಲ್ಕು ಪೆಟ್ಟಿಗೆಗಳೂ ಸೀಲಾಗಿ ಕಟ್ಟೆಯ ಮೇಲಿದ್ದವು. ಒಮ್ಮೆ ಹಾಕಿದ ಸೀಲು ಒಡೆಯಬೇಕಾದರೆ ಯಾರ ಲೋಪದಿಂದ ಒಡೆಯಬೇಕಾಯಿತೆಂದು ಬರೆದುಕೊಟ್ಟು ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಮೇಡಂ ನಿಂತಲ್ಲೇ ಅರ್ಜಿ ಬರೆದರು. ಶುಭಾಶಯದ ಚೀಟಿ ಎಲ್ಲ ಪೆಟ್ಟಿಗೆಗಳಿಗೂ ಹಾಕಬೇಕೆಂದಿದ್ದು, ತನ್ನ ಮರೆವಿನಿಂದ ಬಿಟ್ಟುಹೋಗಿದೆ ಎಂದು. ಅಧಿಕಾರಿಯ ಕೋಣೆಗೆ ಅವರ ಹಿಂದೆಯೇ ಹೋಗಿದ್ದ ನಾನು, ತಪ್ಪು ನನ್ನದೆನ್ನಲು ಬಾಯಿ ತೆರೆದೆ. ಅವರು ಮೊಣಕೈಯಿಂದ ತಿವಿದರು.

ಅಧಿಕಾರಿಗಳು ಅರ್ಜಿಯನ್ನು ಎರಡು ಸಲ ಓದಿದರು. “ಒಂದು ಚೀಟಿಗೆ ಇಷ್ಟೊಂದು ಸೀಲಾ? ಇದು ನಿಮ್ಮ ಸೇವಾ ಪುಸ್ತಕಕ್ಕೆ ಹೋಗುತ್ತೆ ಮೇಡಂ.”

“ಹೋಗ್ಲಿ ಬಿಡಿ ಸಾರ್, ಅಲ್ಲಿ ಜಾಗ ಬೇಕಾದಷ್ಟು ಖಾಲಿ ಇದೆ.”

ಮೂರು ದಿನವೂ ಬೆಳಗ್ಗೆ ಏಳಕ್ಕೇ ಬಾಗಿಲು ತೆರೆದೆವು. ಮೇಡಂ, ನಾನು, ಕಾವಲುಗಾರರು, ಜೊತೆಗೆ ನನ್ನ ಹೆಂಡತಿ. ಮದುವೆಯಾಗಿ ಆರು ತಿಂಗಳಾಗಿದ್ದ ಅವಳು, ಗಂಡನ ಬುದ್ಧಿವಂತಿಕೆ ಎಷ್ಟರಮಟ್ಟಿನದೆಂದು ಅಂದೇ ತಿಳಿದುಕೊಂಡಳು. ಸೀಲು ಒಡೆಯುವುದು, ತಾಯಂದಿರು ಇಟ್ಟದ್ದನ್ನು ಇಟ್ಟ ಹಾಗೆಯೇ ಇರಿಸಿ ಮೇಲೊಂದು ಚೀಟಿ ಹಾಕುವುದು, ಮತ್ತೆ ದಾರ, ಮತ್ತೆ ಅರಗು. ಮೇಡಂ ಅವರ ಬೆರಳುಗಳಲ್ಲಿ ದಾರ ಕೊರೆದು ರಕ್ತ ಬಂದಿತ್ತು; ಬಟ್ಟೆ ಸುತ್ತಿಕೊಂಡು ಕಟ್ಟಿದರು. ದೋಣಿಯವರು ಕೂಗುತ್ತಿದ್ದಾಗ ಕೊನೆಯ ಹದಿನೈದು ಪೆಟ್ಟಿಗೆಗಳನ್ನು ನಾವೇ ಹೊತ್ತು ಓಡಿದೆವು.

ಆಮೇಲಿನ ಒಂದೂವರೆ ತಿಂಗಳು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಕೊನೆಗೆ ಆತನ ಪತ್ರ ಬಂತು. ಮೇಡಂ ಅದನ್ನು ಒಡೆಯದೆ ನನ್ನ ಕೈಗೆ ಕೊಟ್ಟು, “ನೀನೇ ಓದಪ್ಪಾ” ಎಂದರು. ‘ಅಕ್ಕನಿಗೆ ನಮಸ್ಕಾರ. ಈ ವರ್ಷ ಎಲ್ಲರ ಪೆಟ್ಟಿಗೆಯಲ್ಲೂ ಇಲಾಖೆಯ ಚೀಟಿ ಇತ್ತು. ಅಮ್ಮ ಮಾಡಿದ ಬಿಸ್ಕತ್ತಿಗೆ ಇಲಾಖೆಯವರದೇನು ಶುಭಾಶಯ ಎಂದು ನಮ್ಮವರೆಲ್ಲ ನಗಾಡಿದರು. ನಾನೂ ನಕ್ಕೆ. ನಿಮ್ಮ ಪತ್ರವನ್ನು ಎರಡು ಸಲ ಓದಿಸಿದರು.’ ಓದಿ ಮುಗಿಸಿ ನಾನು ಆ ಕಟ್ಟೆಯ ಮೇಲೆಯೇ ಕುಳಿತು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆ ವರ್ಷ ಮೇಡಂ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ, ಬರಲು ಇನ್ನೆರಡು ವರ್ಷ ಹಿಡಿಯಿತು. ನಿಜ ಹೇಳಿಬಿಡುತ್ತೇನೆಂದು ನಾನು ಎಷ್ಟೋ ಸಲ ಹೊರಟದ್ದುಂಟು. ಆಗೆಲ್ಲ, “ಹೇಳಿದ್ರೆ ಯಾಕೆ ಅಂತ ಕೇಳ್ತಾರೆ, ಯಾಕೆ ಅಂತ ಹೇಳಿದ್ರೆ ಅವನ ಹೆಸರು ಬರುತ್ತೆ. ಸುಮ್ಮನಿರು” ಎಂದು ತಡೆದರು. ಈ ಗ್ರಂಥದ ಆರಂಭದ ಪರಿಚಯದಲ್ಲಿ ‘ಒಂದು ಲೋಪವನ್ನು ಬಿಟ್ಟರೆ ನಿಷ್ಕಳಂಕ ಸೇವೆ’ ಎಂಬ ಸಾಲಿದೆ. ಆ ಲೋಪ ನನ್ನದು. ಅದನ್ನು ಆತನ ಹೆಸರಿಲ್ಲದೆಯೂ ಬರೆಯಬಹುದೆಂದು ಹೊಳೆಯಲು ನನಗೆ ಹದಿನಾರು ವರ್ಷ ಬೇಕಾಯಿತು. ಓದುಗರು ದಯವಿಟ್ಟು ತಿದ್ದಿಕೊಳ್ಳಬೇಕು.

ಅವರು ನಿವೃತ್ತರಾದ ಮೇಲೆ ಆ ಕುರ್ಚಿಯಲ್ಲಿ ನಾನು ಕೂರುತ್ತಿದ್ದೇನೆ. ಈ ವರ್ಷ ವಿಭಾಗದ ಪೆಟ್ಟಿಗೆಗಳ ಪಟ್ಟಿ ಮಾಡುತ್ತ ಅಡುಗೆಯವರ ಹೆಸರಿಗೆ ಬಂದಾಗ ಪೆನ್ನು ನಿಂತುಹೋಯಿತು. ಪೆಟ್ಟಿಗೆ ಕಟ್ಟಬಲ್ಲೆ, ಅಕ್ಷರವನ್ನೂ ಹೋಲಿಸಬಲ್ಲೆ. ಆ ಬೈಗುಳ ಎಲ್ಲಿಂದ ತರಲಿ? ಹೀಗೆ ಒದ್ದಾಡುತ್ತಿದ್ದಾಗ, ಮನೆಯವರಿಂದ ಪೆಟ್ಟಿಗೆ ತೆಗೆದುಕೊಳ್ಳುವ ಕೊನೆಯ ದಿನ ಕಟಕಟೆಯಾಚೆ ಸಾಲಿನಲ್ಲಿ ಮೇಡಂ ಕಂಡರು. ಒಳಗೆ ಬನ್ನಿ ಎಂದು ಕರೆದೆ, ಬರಲಿಲ್ಲ. ಮುಂದಿದ್ದ ಏಳು ಜನರ ಸರದಿ ಮುಗಿದ ಮೇಲೆ ದೀಪದ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ನಾನು ನಮೂನೆ ತುಂಬುತ್ತ, ಹದಿನಾರು ವರ್ಷದ ರೂಢಿಯಲ್ಲಿ ಎಲ್ಲರನ್ನೂ ಕೇಳುವಂತೆ ಕೇಳಿಬಿಟ್ಟೆ: “ನಾವಿಕರಿಗೆ ನೀವು ಏನಾಗ್ಬೇಕು?”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಅಕ್ಕ. ಬರ್ಕೋ.”

ಬರೆದುಕೊಂಡು ಮೊಹರು ಒತ್ತಿದೆ. ಅಡುಗೆಯವರಿಗೆ ಇನ್ನೂ ಹದಿನಾಲ್ಕು ವರ್ಷ ಸೇವೆ ಇದೆಯೆಂದು ಪಟ್ಟಿಯಲ್ಲಿ ನೋಡಿದ್ದೇನೆ. ಅಷ್ಟು ವರ್ಷವೂ, ಅದರಾಚೆಗೂ, ಮೇಡಂ ಆರೋಗ್ಯವಾಗಿದ್ದು ಆ ಸಾಲಿನಲ್ಲಿ ಬಂದು ನಿಲ್ಲಲಿ. ತಮ್ಮನನ್ನು ಬೈಯುವುದಕ್ಕೆ ಅವರಿಗೆ ಯಾವ ವರ್ಷವೂ ಮಾತು ಕಡಿಮೆಯಾಗದಿರಲಿ.