ಸೋರದ ಬಿರಡೆ

ನಮ್ಮ ಅಣ್ಣ ಮೂವತ್ತು ವರ್ಷದಿಂದ ನಲ್ಲಿ ರಿಪೇರಿ ಮಾಡುವವನು. ಅವನು ಕೂರಿಸಿದ ನಲ್ಲಿ ಒಂದು ಹನಿ ಸೋರಿತೆಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ.

ಮೊನ್ನೆ ಅವನು ಮಗಳ ಜೊತೆ ತಾರಸಿಯ ಮೇಲೆ ರಾಕೆಟ್ ಮಾಡಲು ಕೂತ. ಪ್ಲಾಸ್ಟಿಕ್ ಬಾಟಲಿಗೆ ಒಂದಿಷ್ಟು ನೀರು, ಬಾಯಿಗೆ ಬಿರಡೆ, ಬಿರಡೆಯ ತೂತಿನಿಂದ ಸೈಕಲ್ ಪಂಪಿನ ಗಾಳಿ. ಗಾಳಿ ತುಂಬಿದಾಗ ಬಾಟಲಿ ಬಿರಡೆ ಬಿಟ್ಟು ಹಾರಬೇಕು. ಮರುದಿನ ಅವಳು ಅದನ್ನು ಇಡೀ ತರಗತಿಯ ಮುಂದೆ ಹಾರಿಸಬೇಕಿತ್ತು. ಪಂಪ್ ಹೊಡೆದು ಹೊಡೆದು ನನ್ನ ತೋಳು ಬಿದ್ದುಹೋಯಿತು. ಬಾಟಲಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಥೂ, ಎಂಥಾ ದರಿದ್ರ ಬಾಟ್ಲಿ ತಂದಿದ್ದೀಯೇ!" ಎಂದು ರೇಗಿದೆ.

"ಬಾಟ್ಲಿಗ್ಯಾಕೆ ಬೈತೀಯ ಚಿಕ್ಕಪ್ಪಾ? ಅಪ್ಪ ಬಿರಡೆಗೆ ಸುತ್ತಿರೋ ಟೇಪ್ ನೋಡು" ಎಂದಳು. ಎಣಿಸಿದೆ, ಹನ್ನೆರಡು ಸುತ್ತು!

"ಸೋರಬಾರದಲ್ವೇನಮ್ಮಾ?" ಎಂದ ಅಣ್ಣ.

"ಸೋರಬಾರದು, ಆದ್ರೆ ಬಿಟ್ಕೊಡಬೇಕಲ್ಲಪ್ಪಾ!"

"ಸಡಿಲ ಮಾಡೋದು ನಂಗೆ ಬರಲ್ಲ. ಎಷ್ಟು ಸಾಕು ಅಂತ ನೀನೇ ಹೇಳು."

ಅಣ್ಣ ಗಾಳಿ ಇಳಿಸಿ ಒಂದೊಂದೇ ಸುತ್ತು ಬಿಚ್ಚಿದ. ಎರಡು ಉಳಿದಾಗ ಅವಳು ತಡೆದಳು. ಈ ಸಲ ಬಾಟಲಿ ಬುಸ್ಸೆಂದು ನೀರಿನ ಟ್ಯಾಂಕ್ ದಾಟಿ ಹಾರಿತು. ನಾವು ಮೂವರೂ ತೊಯ್ದು ತೊಪ್ಪೆಯಾದೆವು.

ಅಣ್ಣ ಮುಖವನ್ನೂ ಒರೆಸಿಕೊಳ್ಳದೆ, "ನಾಳೆ ನಿಮ್ಮ ಮೇಷ್ಟ್ರಿಗೆ ಸ್ವಲ್ಪ ದೂರ ನಿಲ್ಲೋಕೆ ಹೇಳು" ಎಂದ.