ಭಾನುವಾರದ ಸೊನ್ನೆ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಟಾರ್ಚೊಂದು ಸಿಕ್ಕಿತು. ಒಳಗಿನ ಸೆಲ್ಲು ಸೋರಿ, ಮುಚ್ಚಳ ಕಚ್ಚಿಕೊಂಡಿತ್ತು. ಸೆರಗಿನಲ್ಲಿ ಹಿಡಿದು ತಿರುಗಿಸಿ ಬಿಚ್ಚಿದ್ದೇ ತಡ, ಹುಳಿಯೂ ತುಕ್ಕೂ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. "ಬಿಸಾಡ್ ಮಾರಾಯ್ತಿ, ಕೈಯೆಲ್ಲ ಮಸಿ" ಎಂದು ನನ್ನ ಯಜಮಾನರು ಕೆಳಗಿನಿಂದ ಕೂಗಿದರು. ನಾನು ಬಿಸಾಡಲಿಲ್ಲ. ಸೆಲ್ಲಿನ ಹೊಟ್ಟೆ ಬಗೆದು, ನಡುವಿನ ಕಪ್ಪು ಕಾರ್ಬನ್ ಕಡ್ಡಿಯನ್ನು ಎಳೆದು ತೆಗೆದೆ. ಎಷ್ಟು ವರ್ಷವಾಯಿತು... ನನ್ನ ಪ್ರಾಯದ ಹೆಂಗಸು ಅಟ್ಟದ ಮೇಲೆ ಕುಕ್ಕರುಗಾಲಲ್ಲಿ ಕೂತು ಮಾಡುವ ಕೆಲಸ ಅದಲ್ಲ. ಆದರೆ ಅದನ್ನು ಕಲಿಸಿದ್ದು ನಮ್ಮ ವಿಜ್ಞಾನದ ಮಾಷ್ಟ್ರು.

ಕರಾವಳಿಯಲ್ಲಿ, ಬಿಜೂರಿನ ಕಡೆ, ಹೊಳೆದಂಡೆಯಲ್ಲಿದ್ದ ಹೈಸ್ಕೂಲು ನಮ್ಮದು. ಮಾಷ್ಟ್ರು ಬಡಕಲು ದೇಹದವರು, ಕೊಡೆಯನ್ನು ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು ನಡೆಯುವವರು. ಅವರದೊಂದು ಕ್ರಮವಿತ್ತು. ಲೆಕ್ಕವೋ ಪ್ರಯೋಗವೋ, ಏನೇ ಇರಲಿ, ಮೊದಲು ಮೇಜಿನ ಮೇಲೆ ಸಾಮಾನು ಹರಡುತ್ತಿದ್ದರು. ದಾರ, ಸ್ಕೇಲು, ಥರ್ಮಾಮೀಟರು, ಕ್ಯಾಲ್ಕ್ಯುಲೇಟರು, ರೇಡಿಯೋ ರಿಪೇರಿ ಅಂಗಡಿಯಿಂದ ಬೇಡಿ ತಂದ, ಕರೆಂಟು ಅಳೆಯುವ ಒಂದು ಮಲ್ಟಿಮೀಟರು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, "ಇದಕ್ಕೆ ಎಂತ ಬೇಕ್? ಎಂತಕ್ಕೆ ಬೇಕ್?" ಎನ್ನುತ್ತಿದ್ದರು. ಎಂತಕ್ಕೆ ಎಂದು ಹೇಳದೆ ಯಾರೂ ಯಾವುದನ್ನೂ ಮುಟ್ಟುವಂತಿಲ್ಲ. ಅಂಗಳದ ಉದ್ದ ಅಳೆಯಲು ನಾನೊಮ್ಮೆ ಚಂದ ಕಂಡಿತೆಂದು ಮಲ್ಟಿಮೀಟರಿಗೇ ಕೈ ಹಾಕಿ ಇಡೀ ಕ್ಲಾಸಿನ ಬಾಯಿಗೆ ಬಿದ್ದಿದ್ದೆ.

ಹೊಸ ಶತಮಾನ ಬರುವ ಹೊತ್ತಿಗೆ ಶಾಲೆಗೆ ಕಂಪ್ಯೂಟರು ಬಂತು. ಮುಂಬೈಯಲ್ಲಿ ಹೋಟೆಲು ನಡೆಸುತ್ತಿದ್ದ ನಮ್ಮೂರ ಧಣಿಯೊಬ್ಬರು, ಅದೇ ಶಾಲೆಯಲ್ಲಿ ಕಲಿತವರು, ಕೊಡಿಸಿದ್ದು. ಅಬ್ಬಬ್ಬಾ, ಅದಕ್ಕೆ ಆರತಿ ಎತ್ತಿ ಕುಂಕುಮ ಹಚ್ಚಿದ್ದೇನು, ಹೂವಿನ ಹಾರವೇನು! ಮಾರನೆಯ ದಿನ ಮಾಷ್ಟ್ರು ಅದಕ್ಕೊಂದು ಬಟ್ಟೆ ಹೊದೆಸಿ ಕೂರಿಸಿದರು. ಅದರಲ್ಲಿ ಆಟ ಇದೆಯಂತೆ ಎಂದು ನಾವು ಗೋಗರೆದರೆ, "ಆಟ ಆಡುಕೆ ಕಂಪ್ಯೂಟ್ರೇ ಬೇಕಾ? ಹೊರ್ಗೆ ಲಗೋರಿ ಇಲ್ಯಾ?" ಎಂದುಬಿಟ್ಟರು. ನನಗಂತೂ ಕಣ್ಣಲ್ಲಿ ನೀರು. ಆ ಬಟ್ಟೆಯೊಳಗೆ ಏನಿದೆ ಎಂದು ನೋಡದೆ ಹತ್ತನೆಯ ಕ್ಲಾಸು ಮುಗಿದರೆ, ಮುಂದೆ ನನ್ನಂಥವಳಿಗೆ ಯಾರು ತೋರಿಸುತ್ತಾರೆ?

ಊರಿಗೆ ಬಂದ ಧಣಿ ಶಾಲೆಗೂ ಬಂದರು. ಬಟ್ಟೆ ಹೊದ್ದ ಕಂಪ್ಯೂಟರನ್ನು ನೋಡಿ ಅವರ ಮುಖ ಕಪ್ಪಿಟ್ಟಿತು.

"ಅರೇ, ಇದೆಂತ ಮಾಷ್ಟ್ರೆ? ನಾ ಕೊಟ್ಟದ್ ಬಟ್ಟಿ ಹೊದ್ಸಿ ಇಡುಕಾ? ಬಪ್ಪು ತಿಂಗ್ಳ್ ಮತ್ತೆ ಬತ್ತೆ. ಅಷ್ಟ್ರೊಳ್ಗೆ ಇದ್ರಲ್ ಎಂತಾರೂ ಮಾಡಿ ತೋರ್ಸಿ. ಇಲ್ದಿರೆ ಬೇರೆ ಶಾಲಿಗೆ ಕೊಡ್ತೆ."

ಹೆಡ್‌ಮಾಷ್ಟ್ರು ಬೆವರಿದರು. "ನಾಕ್ ಹೂ ಬಿಡ್ಸಿ, ಸ್ವಾಗತ ಅಂದೇಳಿ ಬರ್ಸಿ ತೋರ್ಸಿ ಮರಾಯ್ರೆ" ಎಂದು ನಮ್ಮ ಮಾಷ್ಟ್ರನ್ನು ಅಂಗಲಾಚಿದರು. ಮಾಷ್ಟ್ರು ಒಪ್ಪಲಿಲ್ಲ. ಕೆಲಸ ಹುಟ್ಟದೆ ಹತಾರ ಎತ್ತುವುದಿಲ್ಲ ಎಂಬ ಹಟ. ನಮಗೆ ಆಗ ಅವರ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಕೊಡೆ ಅಡಗಿಸಿಡುವ ಮಾತೂ ಆಗಿತ್ತು.

ಕೆಲಸ ಹುಟ್ಟುತ್ತಲೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ. ಪ್ರತಿ ವರ್ಷ ಸೆಕೆ ಶುರುವಾದರೆ ಶಾಲೆಯ ಬಾವಿಯ ನೀರು ಉಪ್ಪಾಗುತ್ತಿತ್ತು. ಆದರೆ ದಿನವೂ ಅಲ್ಲ. ಒಂದು ದಿನ ಬಾಯಿಗಿಡಲಾಗದು, ಇನ್ನೊಂದು ದಿನ ಪರವಾಗಿಲ್ಲ. ಯಾವಾಗ ಉಪ್ಪು, ಯಾಕೆ ಎಂಬುದೇ ಆ ಸಲದ ಪ್ರಶ್ನೆಯಾಗಿತ್ತು. ಮೊದಲು ನಾಲಿಗೆಯನ್ನೇ ನಂಬಿದೆವು. ಮನೆಯಿಂದ ಗಂಜಿಗೆ ಒಣಮೀನಿನ ಚಟ್ನಿ ನೆಂಚಿಕೊಂಡು ಬಂದವರಿಗೆ ಯಾವ ನೀರೂ ಸಪ್ಪೆಯೇ! ಜಗಳವೇ ಆಯಿತು. ಆಮೇಲೆ ಎರಡು ಕಾರ್ಬನ್ ಕಡ್ಡಿಗಳನ್ನು ಮರದ ತುಂಡಿಗೆ ಕಟ್ಟಿ, ಒಂದು ಸೆಲ್ಲಿಗೂ ಮಲ್ಟಿಮೀಟರಿಗೂ ತಂತಿ ಸೇರಿಸಿ, ಬಾವಿಯ ನೀರಿನಲ್ಲಿ ಅದ್ದಿದೆವು. ಉಪ್ಪು ಹೆಚ್ಚಿದ್ದರೆ ನೀರಿನಲ್ಲಿ ಕರೆಂಟು ಹೆಚ್ಚು ಹರಿದು ಮೀಟರಿನ ಮುಳ್ಳು ಹೆಚ್ಚು ಹಾರುತ್ತಿತ್ತು. ದಿನವೂ ಮಧ್ಯಾಹ್ನದ ಗಂಟೆಗೆ ನೋಡಿ, ಕ್ಲಾಸಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಬಾಗಿಲು ಕ್ರಮೇಣ ಅಂಕಿಗಳಿಂದ ಬೆಳ್ಳಗಾಯಿತು. ತುಂಬಿದ ಬಾಗಿಲನ್ನು ನೋಡಿ ತಲೆ ಕೆರೆದುಕೊಳ್ಳುತ್ತಿದ್ದ ನಮ್ಮನ್ನು ಕಂಡು ಮಾಷ್ಟ್ರು ಕೇಳಿದರು.

"ಈಗ ಎಂತ ಬೇಕ್?"

"ಇಷ್ಟೆಲ್ಲ ಒಟ್ಟಿಗೆ ಕಾಂಬುಕೆ ಆತಿಲ್ಲೆ ಸರ್. ಗೆರೆ ಎಳ್ದ್ ತೋರ್ಸುದ್ ಬೇಕ್" ಎಂದೆ.

ಮಾಷ್ಟ್ರು ಹೋಗಿ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದರು.

ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ, ನಡುವೆ ಕರೆಂಟು ಹೋಗಿ, ಮತ್ತೆ ಮೊದಲಿನಿಂದ ಒತ್ತಿ, ಅಂತೂ ತೆರೆಯ ಮೇಲೆ ಗೆರೆ ಮೂಡಿತು. ಆಹಾ, ಉತ್ತರ ಕಣ್ಣೆದುರೇ ಇತ್ತು! ವಾರಕ್ಕೊಮ್ಮೆ ಗೆರೆ ದಬಕ್ಕನೆ ನೆಲಕ್ಕೆ ಬೀಳುತ್ತಿತ್ತು. ಭಾನುವಾರ ಬಾವಿ ಪೂರ್ತಿ ಸಿಹಿ. ಕಾರಣವನ್ನೂ ಕಂಡುಹಿಡಿದೆವು. ಭಾನುವಾರ ಯಾರೂ ನೀರು ಸೇದುವುದಿಲ್ಲ, ಹಾಗಾಗಿ ಉಪ್ಪು ತಳದಲ್ಲೇ ಇರುತ್ತದೆ. ಹೆಡ್‌ಮಾಷ್ಟ್ರು ನಮ್ಮ ಬೆನ್ನು ತಟ್ಟಿ, ಧಣಿಗೆ ಇದನ್ನೇ ತೋರಿಸಿ ಎಂದರು. ನಮ್ಮ ಕುಣಿತ ಮುಗಿಯುವವರೆಗೆ ಕಾದು ಮಾಷ್ಟ್ರು ಕೇಳಿದರು.

"ಆಯ್ತ್ ಮಕ್ಳೆ. ಭಾನ್ವಾರ ಬಾವಿ ಹತ್ರ ಯಾರ್ ಹೋಯಿದ್ರ್?"

ಯಾರೂ ಹೋಗಿರಲಿಲ್ಲ. ರಜೆಯಲ್ಲವೇ? ತೆರೆಯ ಪಟ್ಟಿಯಲ್ಲಿ ಆ ದಿನದ ಖಾಲಿ ಮನೆಗಳಿಗೆ ನಾವೇ ಸೊನ್ನೆ ಒತ್ತಿದ್ದೆವು. ಕಂಪ್ಯೂಟರಿಗೇನು, ಹಾಕಿದ್ದನ್ನು ಬಡಿಸಿತು. ಮಾಷ್ಟ್ರು ಬೈಯಲಿಲ್ಲ. ನನ್ನ ಕೈಯಿಂದಲೇ ಒಂದೊಂದು ಸೊನ್ನೆಯನ್ನೂ ಅಳಿಸಿ ಹಾಕಿಸಿದರು. "ಸೊನ್ನೆ ಅಂದ್ರೆ ಹೋಯಿ ಕಂಡ್ರೂ ಎಂತದೂ ಇರ್ಲಿಲ್ಲ ಅಂದೇಳಿ. ಕಾಣದ್ದಕ್ಕೆ ಸೊನ್ನೆ ಬರಿಯೂಕಾಗ. ಖಾಲಿ ಬಿಡ್ಕ್. ಖಾಲಿ ಬೇರೆ, ಸೊನ್ನೆ ಬೇರೆ" ಎಂದರು.

ಖಾಲಿ ಬಿಟ್ಟ ಮೇಲೆ ಗೆರೆಯ ರೂಪವೇ ಬದಲಾಯಿತು. ನಿಧಾನಕ್ಕೆ ಏರಿ, ನಿಧಾನಕ್ಕೆ ಇಳಿದು, ಮತ್ತೆ ಏರುವ ದಿಬ್ಬಗಳು. ಆದರೆ ಯಾಕೆ ಏರುತ್ತದೆ ಎಂದು ಗೊತ್ತಾಗುವ ಮೊದಲೇ ಧಣಿ ಬಂದು ನಿಂತರು.

ತೆರೆಯನ್ನು ದಿಟ್ಟಿಸಿ, "ಚಂದ ಇತ್ತ್. ಆರೆ ಇದ್ ಎಂತಕ್ಕೆ ಹೀಂಗ್ ಏರೂದ್?" ಎಂದರು.

ಹೆಡ್‌ಮಾಷ್ಟ್ರು ನೆಲ ನೋಡಿದರು. ಕಂಪ್ಯೂಟರು ಹೋಯಿತು ಎಂದೇ ಅಂದುಕೊಂಡೆ. ಮಾಷ್ಟ್ರು ಮಾತ್ರ ಎಂದಿನಂತೆ ನಮ್ಮ ಕಡೆ ತಿರುಗಿ, "ಎಂತ ಬೇಕ್?" ಎಂದರು, ಎದುರಿಗೆ ಧಣಿಯೇ ಇಲ್ಲವೇನೋ ಎಂಬ ಹಾಗೆ. ನಾನು ಮೇಜು ನೋಡಿದೆ. ಬೇಕಾದದ್ದು ಅಲ್ಲಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪಯ್ಯ ಹೊಳೆಗೆ ಬಲೆ ಬೀಸಲು ಹೋಗುವ ಮುಂಚೆ ನೋಡುತ್ತಿದ್ದುದು ಗಡಿಯಾರವನ್ನಲ್ಲ.

"ಮೇಜಿನ್ ಮೇಲೆ ಇಲ್ದಿದ್ ಕೇಂಬ್ಲಕ್ಕಾ ಸರ್?"

"ಎಂತಕ್ಕೆ ಅಂದೇಳಿ ಹೇಳಿರೆ ಅಕ್ಕ್."

"ಆಫೀಸ್ ರೂಮಿನ್ ಗೋಡಿ ಮೇಲಿನ್ ಕ್ಯಾಲೆಂಡರ್ ಬೇಕ್. ಹುಣ್ಣಿಮೆ ಅಮಾಸೆ ಕಾಂಬುಕೆ."

ಕ್ಯಾಲೆಂಡರನ್ನು ತೆರೆಯ ಪಕ್ಕ ಹಿಡಿದೆವು. ದಿಬ್ಬದ ನೆತ್ತಿಗಳೆಲ್ಲ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿಗೇ ಬಂದವು. ಆ ದಿನಗಳಲ್ಲಿ ಮಧ್ಯಾಹ್ನಕ್ಕೆ ಹೊಳೆಯಲ್ಲಿ ಭರತ, ಸಮುದ್ರದ ನೀರು ಮೇಲೇರುವ ಹೊತ್ತು. ಆ ಉಪ್ಪೇ ನಮ್ಮ ಬಾವಿಗೆ ಒಸರುತ್ತಿತ್ತು. ಧಣಿ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿ, "ನಾನೂ ಇದೇ ಬಾವಿ ನೀರ್ ಕುಡ್ದವ, ನಂಗೂ ಗೊತ್ತಿರ್ಲಿಲ್ಲೆ ಕಾಣಿ" ಎಂದು ಗಟ್ಟಿಯಾಗಿ ನಕ್ಕರು. ಕಂಪ್ಯೂಟರು ನಮ್ಮಲ್ಲೇ ಉಳಿಯಿತು. ಅಂದಿನಿಂದ ಹುಣ್ಣಿಮೆ ಅಮಾವಾಸ್ಯೆ ಹತ್ತಿರವಾದಾಗ ಬೆಳಿಗ್ಗೆ ಬೇಗ, ಹೊಳೆ ಇಳಿದಿರುವಾಗಲೇ ಟ್ಯಾಂಕಿಗೆ ನೀರು ತುಂಬಿಸತೊಡಗಿದರು. ಮಾಷ್ಟ್ರು ನನಗೆ ಶಹಬ್ಬಾಸ್ ಎನ್ನಲಿಲ್ಲ. ಮರುದಿನ ಸಾಮಾನು ಹರಡುವಾಗ ಮೇಜಿನ ಮೇಲೆ ಆ ಕ್ಯಾಲೆಂಡರೂ ಇತ್ತು, ಅಷ್ಟೆ. ನನಗೆ ಅದಕ್ಕಿಂತ ದೊಡ್ಡ ಬಹುಮಾನ ಆಮೇಲೂ ಯಾರೂ ಕೊಟ್ಟಿಲ್ಲ.

ಈಗ ನಾನೂ ಟೀಚರು. ಬ್ರಹ್ಮಾವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ. ನಮ್ಮ ಕ್ಲಾಸಿನ ಗೋಡೆಯಲ್ಲಿ ಸ್ಮಾರ್ಟ್ ಬೋರ್ಡಿದೆ, ಮಕ್ಕಳ ಕೈಯಲ್ಲಿ ಟ್ಯಾಬಿದೆ. ಅಟ್ಟದಲ್ಲಿ ಸಿಕ್ಕ ಕಾರ್ಬನ್ ಕಡ್ಡಿಯನ್ನು ತೊಳೆದು ಒಯ್ದು, ಅವೆಲ್ಲದರ ಜೊತೆ ಮೇಜಿನ ಮೇಲೆ ಇಟ್ಟೆ. "ಇದೆಂತ ಟೀಚರ್, ಪೆನ್ಸಿಲ್ಲಾ?" ಎಂದು ಒಬ್ಬಳು ಕೇಳಿದಳು. ಎಂತಕ್ಕೆ ಬೇಕಾಗಬಹುದು ಎಂದು ನೀನೇ ಹೇಳು ಎಂದೆ. ಹಾಗೆ ಕೇಳುವುದನ್ನು ಕಲಿಸಿದವರ ಋಣದಲ್ಲೇ ನಾನು ದಿನಾ ಅನ್ನ ಉಣ್ಣುತ್ತಿದ್ದೇನೆ.

ಹೋದ ತಿಂಗಳು ತವರಿಗೆ ಹೋದಾಗ ಮಾಷ್ಟ್ರ ಮನೆಗೂ ಹೋಗಿದ್ದೆ. ಅವರು ತೀರಿಕೊಂಡ ಮೇಲೆ ಅದೇ ಮೊದಲು... ಅಮ್ಮ, ಅವರ ಹೆಂಡತಿ, ಬೆಲ್ಲ ನೀರು ಕೊಟ್ಟು, "ಕೂಕೊ ಮಗಾ" ಎಂದು ಜಗಲಿಯ ಕುರ್ಚಿಯ ಕಡೆ ಕೈ ತೋರಿದರು. ನಾನು ಕೆಳಗೆ ಚಾಪೆಯಲ್ಲೇ ಕೂತೆ. ಕುರ್ಚಿಯ ಬೆನ್ನಿಗೆ ಕೊಡೆ ನೇತಾಡುತ್ತಿತ್ತು.

"ಎಲ್ಲ ಸೊನ್ನೆ ಆಯ್ತ್ ಕಾಣ್ ಮಗಾ" ಎಂದರು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

"ಸೊನ್ನೆ ಅಲ್ಲ ಅಮ್ಮ. ಖಾಲಿ. ಕಾಂತಿಲ್ಲೆ ಅಷ್ಟೆ, ಇಲ್ಲೆ ಅಂದೇಳಿ ಅಲ್ಲ" ಎಂದೆ. ಎದ್ದು ಸೆರಗಿನಿಂದ ಆ ಕೊಡೆಯ ಧೂಳು ಒರೆಸಿದೆ.