ಮೊಳಕೈಯ ನೂರಿಪ್ಪತ್ತು

ಕೋನಮಾಪಕ ನೋಡಲು ನನಗೆ ಬರುವುದಿಲ್ಲ ಎಂಬ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ತಂಗಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈಯ ಮೊಳಕೈ ಮುರಿದುಕೊಂಡಿದ್ದಳು. ಕೈ ನೆಟ್ಟಗಿಟ್ಟು ಹಾಕಿದ್ದ ಕಟ್ಟು ಬಿಚ್ಚಿದ ಮೇಲೆ, ಪಾಂಡವಪುರದಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ, ದಿನಾ ಬಗ್ಗಿಸುತ್ತಾ ನೂರಿಪ್ಪತ್ತು ಡಿಗ್ರಿಗೆ ತನ್ನಿ, ತಡವಾದರೆ ಕೀಲು ಹಿಡಿದುಕೊಳ್ಳುತ್ತದೆ ಎಂದರು. ಅಳೆಯಲು ಬರುತ್ತದಾ ಎಂದು ಕೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದೆ. ಈ ತಂಗಿಯನ್ನು ಎತ್ತಿಕೊಳ್ಳಲೆಂದೇ ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅವಳೆದುರು ಬರುವುದಿಲ್ಲ ಎನ್ನಲು ನಾಚಿಕೆಯಾಯಿತು.

ನಾಗಮಂಗಲದ ಹಾಸ್ಟೆಲಿನಲ್ಲಿ ಓದುವ ಅವಳ ಮಗಳ ಹಳೇ ಜಾಮಿಟ್ರಿ ಬಾಕ್ಸು ಶೀಳನೆರೆಯ ನಮ್ಮ ಮನೆಯಲ್ಲೇ ಇತ್ತು. ಅದರ ಕೋನಮಾಪಕವನ್ನು ಮೊಳಕೈಗೆ ಹಿಡಿದು, ತೋಳಿಗೂ ಮುಂಗೈಗೂ ನಡುವಿನ ಕೋನ ನೋಡಿದೆ. ಕೆಲವೇ ದಿನಕ್ಕೆ ನೂರಿಪ್ಪತ್ತು ಸಿಕ್ಕಿತು.

"ಕೈ ಬಾಯ್ಗೇ ಸಿಗ್ತಿಲ್ವಲ್ಲಕ್ಕಾ. ಇನ್ನೊಸಿ ಬಗ್ಸನಾ?"

"ನೂರಿಪ್ಪತ್ತು ಬಂದದೆ, ಸುಮ್ಕಿರಮ್ಮಿ. ಜಾಸ್ತಿ ಬಗ್ಸುದ್ರೆ ಮತ್ತೆ ಮುರ್ದೋಯ್ತದೆ."

ಎರಡು ತಿಂಗಳ ಮೇಲೆ ಮತ್ತೆ ತೋರಿಸಲು ಹೋದಾಗ ಮೇಡಂ ಅಳೆದು, ಬರೀ ಅರವತ್ತು ಎಂದರು. ಚಾಚಿದ ಕೈಯನ್ನು ನೇರ ಗೆರೆ ಅಂದುಕೊಳ್ಳಿ, ಅಲ್ಲಿಂದ ಎಷ್ಟು ಬಗ್ಗಿತೋ ಅದೇ ಲೆಕ್ಕ ಎಂದು ತೋರಿಸಿಕೊಟ್ಟರು. ನೇರ ಗೆರೆಯ ಮೇಲಿನ ಅಕ್ಕಪಕ್ಕದ ಎರಡು ಕೋನ ಸೇರಿ ನೂರೆಂಬತ್ತಂತೆ. ನಾನು ಓದಿದ್ದ ನೂರಿಪ್ಪತ್ತು ಇನ್ನೂ ಬಗ್ಗದೆ ಉಳಿದದ್ದರ ಅಳತೆ.

ದಿನಾ ಮಾಡಿಸಲಿಲ್ಲವಾ ಎಂದು ಅವರು ನನ್ನ ಮುಖ ನೋಡಿದರು.

"ನೋವು ಅಂತ ಇವ್ಳೇ ಕೈ ಕೊಡಲ್ಲ ಮೇಡಂ," ಎಂದುಬಿಟ್ಟೆ.

ತಂಗಿ ನನ್ನ ಕಡೆ ಒಮ್ಮೆ ತಿರುಗಿದಳು. ಆಮೇಲೆ, ತನಗೇ ಭಯ ಎಂದು ಒಪ್ಪಿಕೊಂಡಳು.

ಮುಂದೆ ಏನು ಮಾಡಿದರೂ ಕೈ ಅಷ್ಟಕ್ಕೇ ನಿಂತಿತು. ಅವಳ ಜಡೆ ಹಾಕುವುದು ನಾನೇ. ಬಲಗೈ ಬಾಯಿಗೆ ಮುಟ್ಟುವುದಿಲ್ಲ, ಮುದ್ದೆಯನ್ನು ಎಡಗೈಯಲ್ಲಿ ಮುರಿದು ಉಣ್ಣುತ್ತಾಳೆ. ಮದುವೆ ಊಟದ ಪಂಕ್ತಿಗೆ ಕೂರುವುದನ್ನೇ ಬಿಟ್ಟಿದ್ದಾಳೆ. ಕೇಳಿದವರಿಗೆಲ್ಲ ಭಯದ ಕಥೆಯನ್ನೇ ಹೇಳುತ್ತಾಳೆ. ನಾವಿಬ್ಬರೇ ಇದ್ದಾಗಲೂ ಅಳತೆಯ ಮಾತು ಎತ್ತಿಲ್ಲ. ಬೈದಿದ್ದರೆ ನನಗೆ ಒಂದಿಷ್ಟು ಉಸಿರಾಡಲಾಗುತ್ತಿತ್ತು.

ಮೊನ್ನೆ ಕಿಕ್ಕೇರಿಯಿಂದ ಬಂದಿದ್ದ ಸೋದರತ್ತೆ ಊಟಕ್ಕೆ ಕೂತಾಗ ಛೇಡಿಸಿದಳು: "ಎಡಗೈಲಿ ಉಣ್ತೀಯಲ್ಲೇ, ಒಸಿ ನೋವ ತಡ್ಕೊಳಕ್ಕಾಗ್ನಿಲ್ವಾ ನಿಂಗೆ?"

"ನಾನು ಪುಕ್ಲಿ ಕಣತ್ತೆ," ಎಂದು ತಂಗಿ ನಕ್ಕಳು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟೆ.

"ಅವ್ಳು ಬಗ್ಸ್ತೀನಿ ಅಂದ್ಲು ಅತ್ತೆ, ನಾನೇ ಬ್ಯಾಡ ಅಂದೆ. ಅಳ್ಯಕ್ಕೆ ನಂಗೆ ಬತ್ತಿರ್ನಿಲ್ಲ." ತಂಗಿಯ ಕಡೆ ತಿರುಗಿದೆ. ಅವಳು ತಟ್ಟೆ ನೋಡುತ್ತಿದ್ದಳು. "ನನ್ ತಪ್ಪ ನಿನ್ ಮ್ಯಾಲೆ ಹಾಕ್ಬುಟ್ಟೆ. ತಪ್ಪಾಯ್ತು ಕಣವ್ವಾ."